ರಜೆಯ ದಿನದ ದುಡಿಮೆ: ಕಿಂಗ್ ನೆನಪಿನ ಸೋಮವಾರದ ಬಗ್ಗೆ ಓದುಗರ ಪ್ರಶ್ನೆಗಳು

ಜನವರಿ ತಿಂಗಳ ಮೂರನೆಯ ಸೋಮವಾರ ಅಮೆರಿಕದಲ್ಲಿ, ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರ ಹೆಸರಿನ ರಾಷ್ಟ್ರೀಯ ರಜೆ. ಆ ದಿನ ಅಲ್ಲಿನ ವಿಶ್ವವಿದ್ಯಾಲಯಗಳೂ ಅವುಗಳ ಸುತ್ತಲಿನ ಊರುಗಳೂ ಕೂಡಿ ನಡೆಸುವ ಸೇವಾಕಾರ್ಯದ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿವೆ. ಕೇಳಿದವರು ಬೇರೆ ಬೇರೆಯವರಾದರೂ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಹಿಂದೆ ಕೆಲವು ವರ್ಷ ನಾನೂ ಅಂಥದೊಂದು ವಿಶ್ವವಿದ್ಯಾಲಯದ ಊರಿನಲ್ಲಿ ಇದ್ದುದರಿಂದ, ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ನನ್ನ ಅನುಭವವನ್ನೂ ಸ್ವಲ್ಪ ಸೇರಿಸಿದ್ದೇನೆ.

ಪ್ರಶ್ನೆ: ನನ್ನ ಮಗಳು ಅಮೆರಿಕದ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಕಳೆದ ಜನವರಿಯಲ್ಲಿ, ರಜೆ ಇದ್ದ ದಿನವೇ, ಬೆಳಗಿನ ಕೊರೆಯುವ ಚಳಿಯಲ್ಲಿ ಎದ್ದು ಬಡವರಿಗೆ ಹಂಚುವ ಆಹಾರದ ಡಬ್ಬಿಗಳನ್ನು ವಿಂಗಡಿಸಲು ಹೋಗಿದ್ದಳಂತೆ. ಕೇಳಿದರೆ, ‘ಇವತ್ತು ಕಿಂಗ್ ಅವರ ದಿನ’ ಎನ್ನುತ್ತಾಳೆ. ಒಬ್ಬ ಹೋರಾಟಗಾರರ ಜಯಂತಿಗೂ ಡಬ್ಬಿ ಜೋಡಿಸುವುದಕ್ಕೂ ಏನು ಸಂಬಂಧ?

ಉತ್ತರ: ಸಂಬಂಧವಿದೆ, ಅದೂ ಕಾನೂನಿನಲ್ಲಿ ಬರೆದಿಟ್ಟ ಸಂಬಂಧ. 1994ರ ಆಗಸ್ಟ್ 23ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾಯ್ದೆಯೊಂದು ಈ ರಜೆಯನ್ನು ರಾಷ್ಟ್ರೀಯ ಸೇವಾ ದಿನವೆಂದು ಗೊತ್ತುಮಾಡಿತು. ಅಮೆರಿಕದ ರಾಷ್ಟ್ರೀಯ ರಜೆಗಳಲ್ಲಿ ಇಂಥ ಗುರುತು ಪಡೆದದ್ದು ಇದೊಂದೇ. ‘ಬಿಡುವಿನ ದಿನವಲ್ಲ, ದುಡಿಮೆಯ ದಿನ’ ಎಂಬ ಅರ್ಥದ ಘೋಷವಾಕ್ಯ ಆ ದೇಶದಲ್ಲಿ ಈಗ ಮನೆಮಾತಾಗಿದೆ. 1996ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಆರಂಭವಾದ ಸೇವಾ ದಿನ ಈ ಬಗೆಯ ಕಾರ್ಯಕ್ರಮಗಳಲ್ಲಿ ಬಹಳ ದೊಡ್ಡದಾಗಿ ಬೆಳೆಯಿತು. ಶಾಲೆಗೆ ಬಣ್ಣ ಬಳಿಯುವುದು, ಉದ್ಯಾನ ಶುಚಿಗೊಳಿಸುವುದು, ಆಹಾರ ಭಂಡಾರದಲ್ಲಿ ದುಡಿಯುವುದು, ವೃದ್ಧರ ಮನೆಗಳಿಗೆ ಹೋಗಿ ಕೈಜೋಡಿಸುವುದು, ಹೀಗೆ ನೂರಾರು ಊರುಗಳಲ್ಲಿ ಇಂಥ ಕೆಲಸಗಳು ನಡೆಯುತ್ತವೆ. ನಮ್ಮ ಭಾಷೆಯಲ್ಲಿ ಇದಕ್ಕೆ ಶ್ರಮದಾನ ಎಂಬ ಒಳ್ಳೆಯ ಪದವಿದೆ.

ಈ ಮಸೂದೆಯನ್ನು ಮುಂದಕ್ಕೆ ತಂದ ಇಬ್ಬರನ್ನು ನೋಡಿದರೆ ಅದರ ಹಿಂದಿನ ಮನಸ್ಸು ಅರ್ಥವಾಗುತ್ತದೆ. ಒಬ್ಬರು ಜಾರ್ಜಿಯಾದ ಸಂಸದ ಜಾನ್ ಲೂಯಿಸ್. ವಿದ್ಯಾರ್ಥಿಯಾಗಿದ್ದಾಗಲೇ ಹೋರಾಟಕ್ಕೆ ಇಳಿದ ಅವರು 1965ರ ಮಾರ್ಚ್ 7ರಂದು ಸೆಲ್ಮಾ ಊರಿನ ಸೇತುವೆಯ ಮೇಲೆ, ಮತದಾನದ ಹಕ್ಕಿಗಾಗಿ ಹೊರಟ ಮೆರವಣಿಗೆಯ ಮುಂಚೂಣಿಯಲ್ಲಿದ್ದು, ಪೊಲೀಸರ ಲಾಠಿ ಏಟಿಗೆ ತಲೆಬುರುಡೆ ಒಡೆಸಿಕೊಂಡವರು. ಇನ್ನೊಬ್ಬರು ಪೆನ್ಸಿಲ್ವೇನಿಯಾದ ಸೆನೆಟರ್ ಹ್ಯಾರಿಸ್ ವೋಫರ್ಡ್. ಯೌವನದಲ್ಲಿ ಪತ್ನಿಯೊಂದಿಗೆ ಭಾರತಕ್ಕೆ ಬಂದು ಗಾಂಧೀಜಿಯ ಮಾರ್ಗವನ್ನು ಅಭ್ಯಾಸ ಮಾಡಿದವರು. ಬಿಳಿಯರಾಗಿದ್ದೂ ಕಪ್ಪು ಜನರಿಗಾಗಿ ಬೆಳೆದು ಬಂದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದವರು. ಆ ಮೇಲೆ ಶಾಂತಿ ದಳವೆಂಬ ಸ್ವಯಂಸೇವಕರ ಸಂಸ್ಥೆಯನ್ನು ಕಟ್ಟಲು ನೆರವಾದವರು. ಇವರಿಬ್ಬರಿಗೂ ಕಿಂಗ್ ಹತ್ತಿರದಿಂದ ಗೊತ್ತಿದ್ದರು. ಅವರ ಹೆಸರಿನ ದಿನ ಅಂಗಡಿಗಳ ರಿಯಾಯಿತಿ ಮಾರಾಟದಲ್ಲಿ ಕಳೆದುಹೋಗಬಾರದೆಂಬ ಕಳಕಳಿ ಇಬ್ಬರಲ್ಲೂ ಇತ್ತು.

ಸೇವೆಯ ಮಾತು ಕಿಂಗ್ ಅವರದೇ. ಹತ್ಯೆಯಾಗುವುದಕ್ಕೆ ಸರಿಯಾಗಿ ಎರಡು ತಿಂಗಳ ಮೊದಲು, 1968ರ ಫೆಬ್ರುವರಿ 4ರಂದು, ಅಟ್ಲಾಂಟಾದ ಎಬೆನೀಜರ್ ಚರ್ಚಿನಲ್ಲಿ ಮಾಡಿದ ಪ್ರವಚನದಲ್ಲಿ ಅವರು, ಎಲ್ಲರೂ ದೊಡ್ಡವರಾಗಬಹುದು, ಏಕೆಂದರೆ ಎಲ್ಲರೂ ಸೇವೆ ಮಾಡಬಹುದು ಎಂದರು. ಸೇವೆ ಮಾಡಲು ಕಾಲೇಜಿನ ಪದವಿ ಬೇಡ, ವ್ಯಾಕರಣ ಶುದ್ಧವಾಗಿ ಮಾತನಾಡಲು ಬರಬೇಕೆಂದೂ ಇಲ್ಲ ಎಂದು ವಿವರಿಸಿದರು. ತಾನು ಸತ್ತ ದಿನ ತನ್ನ ನೊಬೆಲ್ ಪ್ರಶಸ್ತಿಯ ಮಾತನ್ನು ಯಾರೂ ಎತ್ತಬಾರದು, ಇತರರ ಸೇವೆಗಾಗಿ ಬದುಕಲು ಯತ್ನಿಸಿದವನೆಂದು ಹೇಳಿದರೆ ಸಾಕು ಎಂದು ಕೇಳಿಕೊಂಡರು. ಏಪ್ರಿಲ್ 9ರಂದು ಅದೇ ಚರ್ಚಿನಲ್ಲಿ ನಡೆದ ಅಂತ್ಯಸಂಸ್ಕಾರದಲ್ಲಿ ಆ ಪ್ರವಚನದ ಧ್ವನಿಮುದ್ರಣವನ್ನೇ ಹಾಕಿದರು. ತನ್ನ ಶವಸಂಸ್ಕಾರಕ್ಕೆ ಬಂದ ಜನರೊಂದಿಗೆ ಅವರು ತಾವೇ ಮಾತನಾಡಿದಂತಾಯಿತು. ನಿಮ್ಮ ಮಗಳು ಜೋಡಿಸಿದ ಡಬ್ಬಿಗಳ ಹಿಂದೆ ಈ ಮಾತು ಇದೆ. ಪದವಿಗಾಗಿಯೇ ಅಷ್ಟು ದೂರ ಹೋದವಳು, ಪದವಿ ಬೇಡದ ಕೆಲಸವೊಂದಕ್ಕೆ ಆ ಮುಂಜಾನೆ ಕೈ ಹಾಕಿದ್ದಾಳೆ. ಅವಳ ಬಗ್ಗೆ ನೀವು ಧಾರಾಳವಾಗಿ ಹೆಮ್ಮೆಪಡಬಹುದು.

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಶಿಕ್ಷಕ. ಕಿಂಗ್ ಹುಟ್ಟಿದ್ದು ಜನವರಿ 15ರಂದು. ರಜೆ ಮಾತ್ರ ವರ್ಷಕ್ಕೊಂದು ತಾರೀಖಿಗೆ ಬರುತ್ತದೆ, ಏಕೆ? ಈ ರಜೆಗೆ ಅಲ್ಲಿ ವಿರೋಧವೂ ಇತ್ತೆಂದು ಕೇಳಿದ್ದೇನೆ, ನಿಜವೇ?

ಉತ್ತರ: ತಾರೀಖಿನ ವಿಷಯ ಸರಳ. ಅಮೆರಿಕದಲ್ಲಿ ಹಲವು ರಾಷ್ಟ್ರೀಯ ರಜೆಗಳನ್ನು ಸೋಮವಾರಕ್ಕೆ ಕಟ್ಟಿಹಾಕುವ ಪದ್ಧತಿ ಇದೆ. ಮೂರನೆಯ ಸೋಮವಾರವೆಂದರೆ 15ರಿಂದ 21ರೊಳಗೆ ಎಂದಾದರೂ ಬರಬಹುದು.

ವಿರೋಧ ಇದ್ದದ್ದು ನಿಜ, ಅದು ಚಿಕ್ಕದೂ ಆಗಿರಲಿಲ್ಲ. ಹತ್ಯೆಯಾದ ನಾಲ್ಕೇ ದಿನಕ್ಕೆ, 1968ರ ಏಪ್ರಿಲ್ 8ರಂದು, ಸಂಸದ ಜಾನ್ ಕಾನ್ಯರ್ಸ್ ರಜೆಯ ಮಸೂದೆ ಮಂಡಿಸಿದರು. ಅದು ಕಾಯ್ದೆಯಾಗಲು 15 ವರ್ಷ ಹಿಡಿಯಿತು. 1979ರಲ್ಲಿ ಕೆಳಮನೆಯಲ್ಲಿ ಬೇಕಾದ ಮೂರನೇ ಎರಡರಷ್ಟು ಬಹುಮತಕ್ಕೆ ಐದು ಮತ ಕಡಿಮೆಯಾಗಿ ಬಿದ್ದುಹೋಯಿತು. ಖರ್ಚಾಗುತ್ತದೆ, ಸರ್ಕಾರಿ ಹುದ್ದೆಯಲ್ಲಿ ಇರದಿದ್ದವರ ಹೆಸರಿನಲ್ಲಿ ರಜೆ ಏಕೆ ಎಂಬ ವಾದಗಳಿದ್ದವು. ಅವುಗಳ ಬೆನ್ನಿಗೆ ಹೇಳಿಕೊಳ್ಳದ ದ್ವೇಷವೂ ಇತ್ತು. ಪತ್ನಿ ಕೊರೆಟ್ಟಾ ಸ್ಕಾಟ್ ಕಿಂಗ್ ಊರೂರು ಅಲೆದರು, ಗಾಯಕ ಸ್ಟೀವಿ ವಂಡರ್ ದನಿಗೂಡಿಸಿದರು, ಅರುವತ್ತು ಲಕ್ಷ ಸಹಿಗಳು ಸಂಗ್ರಹವಾದವು. 1983ರಲ್ಲಿ ಇಂಡಿಯಾನಾದ ಸಂಸದೆ ಕೇಟಿ ಹಾಲ್ ಮಂಡಿಸಿದ ಮಸೂದೆ ಕೆಳಮನೆಯಲ್ಲಿ 338–90, ಸೆನೆಟ್‌ನಲ್ಲಿ 78–22 ಮತಗಳಿಂದ ಗೆದ್ದಿತು. ನವೆಂಬರ್ 2ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು. ಮೊದಲ ಆಚರಣೆ 1986ರ ಜನವರಿ 20ರಂದು.

ಅಲ್ಲಿಗೂ ಮುಗಿಯಲಿಲ್ಲ. ರಾಜ್ಯಗಳು ಒಂದೊಂದಾಗಿ ಒಪ್ಪಬೇಕಿತ್ತು. 1990ರಲ್ಲಿ ಅರಿಜೋನಾದ ಮತದಾರರು ಈ ರಜೆಯನ್ನು ನಿರಾಕರಿಸಿದಾಗ, ಅಲ್ಲಿ ನಡೆಯಬೇಕಿದ್ದ 1993ರ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯವನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ಯಲಾಯಿತು. 1992ರಲ್ಲಿ ಅದೇ ಮತದಾರರು ಒಪ್ಪಿಗೆ ಕೊಟ್ಟರು. ಐವತ್ತು ರಾಜ್ಯಗಳೂ ಒಪ್ಪಿದ್ದು 2000ದಲ್ಲಿ. ಇಂದಿಗೂ ಅಲಬಾಮಾ ಮತ್ತು ಮಿಸಿಸಿಪಿ ರಾಜ್ಯಗಳು ಅದೇ ಸೋಮವಾರ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಅವರ ಜನ್ಮದಿನವನ್ನೂ ಆಚರಿಸುತ್ತವೆ. ಮೇಷ್ಟ್ರೇ, ನೀವು ಮಕ್ಕಳಿಗೆ ಇತಿಹಾಸ ಹೇಳಿದವರು. ಒಂದೇ ದಿನದ ಮೇಲೆ ಈ ಎರಡು ಹೆಸರುಗಳನ್ನು ಬರೆದದ್ದು ನೋಡಿದರೆ ಮನಸ್ಸು ಎಷ್ಟು ಕಲಕುತ್ತದೆಂದು ನಿಮಗೆ ಬೇರೆಯಾಗಿ ಹೇಳಬೇಕಿಲ್ಲ.

ಪ್ರಶ್ನೆ: ವಿದ್ಯಾರ್ಥಿ ವೀಸಾದಲ್ಲಿ ಇರುವವರು ಇಂಥ ಕೆಲಸಗಳಲ್ಲಿ ಭಾಗವಹಿಸಿದರೆ ತೊಂದರೆಯಾಗುವುದಿಲ್ಲವೇ?

ಉತ್ತರ: ಸೇವಾಸಂಸ್ಥೆಯೊಂದಕ್ಕೆ ಯಾವ ಪ್ರತಿಫಲವನ್ನೂ ಪಡೆಯದೆ ಮಾಡುವ ನಿಜವಾದ ಸ್ವಯಂಸೇವೆಗೆ ಅಡ್ಡಿಯಿಲ್ಲ. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಸೇವೆಯೆಂಬ ಹೆಸರಿನಲ್ಲಿ ಪುಕ್ಕಟೆ ಮಾಡಿಕೊಡುವುದು ಮಾತ್ರ ಬೇರೆ ವಿಷಯ. ಅನುಮಾನ ಬಂದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಪ್ರಶ್ನೆ: ನಾನು ಸಮಾಜಶಾಸ್ತ್ರದ ವಿದ್ಯಾರ್ಥಿನಿ. ಕಿಂಗ್ ಜೈಲಿಗೆ ಹೋದವರು, ಸರ್ಕಾರವನ್ನು ಎದುರು ಹಾಕಿಕೊಂಡವರು. ಅವರ ನೆನಪಿಗೆ ಗೋಡೆ ಬಳಿಯುವುದು, ಕಸ ಗುಡಿಸುವುದು ಎಂದರೆ ಅವರ ಹೋರಾಟದ ಹಲ್ಲು ಕಿತ್ತಂತೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಪ್ರಶ್ನೆ ಚುರುಕಾಗಿದೆ, ನ್ಯಾಯವಾದುದೂ ಹೌದು. ಇದಕ್ಕೆ ಉತ್ತರಿಸಲು ಕಿಂಗ್ ಕೊನೆಯ ದಿನಗಳಲ್ಲಿ ಎಲ್ಲಿದ್ದರು, ಯಾರ ಜೊತೆಗಿದ್ದರು ಎಂಬುದನ್ನು ನೆನಪಿಸಿಕೊಳ್ಳಬೇಕು.

1968ರ ಫೆಬ್ರುವರಿ 1ರಂದು ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಮಳೆ ಸುರಿಯುತ್ತಿತ್ತು. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರು ಮಳೆಯಿಂದ ತಪ್ಪಿಸಿಕೊಳ್ಳಲು ತಮ್ಮ ಕಸದ ಲಾರಿಯ ಹಿಂಭಾಗದೊಳಗೆ ಸೇರಿಕೊಂಡರು. ಕಪ್ಪು ಕಾರ್ಮಿಕರು ಬಿಳಿಯರ ಮನೆಗಳ ಜಗಲಿಯಲ್ಲಿ ಆಸರೆ ಪಡೆಯುವಂತಿರಲಿಲ್ಲ. ಹಳೆಯ ಲಾರಿಯ ಕಸ ಒತ್ತುವ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರನ್ನೂ ಅರೆದುಹಾಕಿತು. ಸೋರುವ ಕಸದ ತೊಟ್ಟಿಗಳನ್ನು ಹೊತ್ತು, ಮೈಮೇಲೆ ಕೊಳಚೆ ಸುರಿಸಿಕೊಂಡು, ಕುಟುಂಬ ಸಾಕಲು ಸಾಲದ ಕೂಲಿಗೆ ದುಡಿಯುತ್ತಿದ್ದ ಆ ಸಮುದಾಯಕ್ಕೆ ಇನ್ನು ತಾಳುವುದು ಸಾಧ್ಯವಿರಲಿಲ್ಲ. ಫೆಬ್ರುವರಿ 12ರಂದು ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ‘ನಾನೊಬ್ಬ ಮನುಷ್ಯ’ ಎಂಬ ಒಂದೇ ಸಾಲು ಬರೆದ ಫಲಕ ಕೊರಳಿಗೆ ಹಾಕಿಕೊಂಡು ಅವರು ಬೀದಿಯಲ್ಲಿ ಸಾಲುಗಟ್ಟಿ ನಡೆದ ಚಿತ್ರಗಳನ್ನು ನೀವು ಪಠ್ಯಪುಸ್ತಕದಲ್ಲಿ ನೋಡಿರಬಹುದು. ಅವರ ಕರೆಗೆ ಓಗೊಟ್ಟು ಮೆಂಫಿಸಿಗೆ ಬಂದ ಕಿಂಗ್ ಏಪ್ರಿಲ್ 4ರ ಸಂಜೆ ಲೊರೇನ್ ಮೊಟೆಲಿನ ಮೊಗಸಾಲೆಯಲ್ಲಿ ಗುಂಡಿಗೆ ಬಲಿಯಾದರು. ಏಪ್ರಿಲ್ 16ರಂದು ಕಾರ್ಮಿಕರ ಸಂಘಕ್ಕೆ ಮಾನ್ಯತೆ ಸಿಕ್ಕಿತು, ಕೂಲಿ ಹೆಚ್ಚಿತು.

ಹಾಗಾದರೆ ಕಿಂಗ್ ಮೆಂಫಿಸಿನಲ್ಲಿ ಮಾಡಿದ್ದು ಸೇವೆಯೋ ಹೋರಾಟವೋ? ಅವರ ಮಟ್ಟಿಗೆ ಆ ಎರಡರ ನಡುವೆ ಗೆರೆ ಇರಲಿಲ್ಲ ಎಂಬುದೇ ನನ್ನ ತಿಳಿವಳಿಕೆ. ಫೆಬ್ರುವರಿಯಲ್ಲಿ ಸೇವೆಯೇ ದೊಡ್ಡಸ್ತಿಕೆ ಎಂದು ಪ್ರವಚನ ಮಾಡಿದವರು ಮಾರ್ಚ್‌ನಲ್ಲಿ ಕಸ ಎತ್ತುವವರ ಮುಷ್ಕರದ ಮುಂದೆ ನಿಂತಿದ್ದರು. ಅದಕ್ಕೂ ಒಂದು ವರ್ಷ ಮುಂಚೆ, 1967ರ ಏಪ್ರಿಲ್ 4ರಂದು, ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ವಿಯೆಟ್ನಾಂ ಯುದ್ಧವನ್ನು ಖಂಡಿಸುತ್ತ ಅವರು ಹೇಳಿದ ಮಾತು ನಿಮ್ಮ ಪ್ರಶ್ನೆಗೆ ನೇರ ಉತ್ತರವಾಗಿದೆ. ಭಿಕ್ಷುಕನ ಕಡೆಗೆ ಒಂದು ನಾಣ್ಯ ಎಸೆಯುವುದಷ್ಟೇ ನಿಜವಾದ ಕರುಣೆಯಾಗದು, ಭಿಕ್ಷುಕರನ್ನು ಹುಟ್ಟಿಸುತ್ತಿರುವ ಕಟ್ಟಡವನ್ನೇ ಬೇರೆ ರೀತಿಯಲ್ಲಿ ಕಟ್ಟಬೇಕೆಂದು ಕರುಣೆಗೆ ಕಾಣಬೇಕು ಎಂಬುದು ಆ ಮಾತಿನ ತಿರುಳು. ಅದರ ಹಿಂದೆ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ, ನ್ಯಾಯಕ್ಕಿಂತ ಶಾಂತಿಯನ್ನೇ ಹೆಚ್ಚಾಗಿ ಬಯಸುವ ಸಭ್ಯ ಬಿಳಿಯರ ಬಗ್ಗೆ ಅವರು ತೋಡಿಕೊಂಡ ನಿರಾಸೆಯನ್ನೂ ಇದರ ಜೊತೆಗಿಟ್ಟು ಓದಬೇಕು.

ಆದ್ದರಿಂದ ನಿಮ್ಮ ಆತಂಕವನ್ನು ನಾನು ಹೀಗೆ ಒಪ್ಪುತ್ತೇನೆ: ಆಹಾರ ಭಂಡಾರದಲ್ಲಿ ನಾಲ್ಕು ಗಂಟೆ ಡಬ್ಬಿ ಜೋಡಿಸಿದವನು, ಪೂರ್ತಿ ಹೊತ್ತಿನ ಕೆಲಸವಿದ್ದೂ ಆ ಊರಿನ ಜನ ಅನ್ನಕ್ಕೆ ಸಾಲುಗಟ್ಟಿ ನಿಲ್ಲುವುದೇಕೆ ಎಂದು ಒಮ್ಮೆಯೂ ಕೇಳದೆ ಮನೆಗೆ ಹೋದರೆ, ಆ ದಿನಕ್ಕೆ ಕಿಂಗ್ ಹೆಸರು ಒಪ್ಪುವುದಿಲ್ಲ. ಆದರೆ ಡಬ್ಬಿ ಜೋಡಿಸಬಾರದಿತ್ತು ಎಂದು ನಾನು ಹೇಳಲಾರೆ. ಹಸಿದವರಿಗೆ ಕಾರಣಗಳ ಚರ್ಚೆ ಮುಗಿಯುವವರೆಗೆ ಕಾಯಲಾಗುವುದಿಲ್ಲ. ಅಷ್ಟೇ ಅಲ್ಲ, ಎಷ್ಟೋ ತರುಣರಿಗೆ ಆ ಪ್ರಶ್ನೆ ಮೊದಲು ಹುಟ್ಟುವುದೇ ಕೈಯಲ್ಲಿ ಡಬ್ಬಿ ಹಿಡಿದಾಗ. ಬೆಳಗ್ಗೆ ದುಡಿಮೆ, ಮಧ್ಯಾಹ್ನ ಆ ಊರಿನ ಬಾಡಿಗೆ, ಕೂಲಿ, ಶಾಲೆ, ಮತದಾರರ ಪಟ್ಟಿಗಳ ಬಗ್ಗೆ ಬಲ್ಲವರಿಂದ ಮಾತು, ಹೀಗೆ ಎರಡನ್ನೂ ಒಂದೇ ದಿನಕ್ಕೆ ಹೊಂದಿಸಿದ ಕ್ಯಾಂಪಸ್‌ಗಳಿವೆ. ನನಗೆ ಒಪ್ಪಿಗೆಯಾಗುವ ಕ್ರಮ ಅದು.

ಪ್ರಶ್ನೆ: ಕಿಂಗ್ ಅವರಿಗೆ ಗಾಂಧೀಜಿ ಪ್ರೇರಣೆ ಎಂದು ಎಲ್ಲರೂ ಹೇಳುತ್ತಾರೆ. ಆ ಪ್ರೇರಣೆ ವಿದ್ಯಾರ್ಥಿಗಳವರೆಗೆ ತಲುಪಿದ್ದು ಹೇಗೆ?

ಉತ್ತರ: ಕಿಂಗ್ 1959ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದು ಒಂದು ತಿಂಗಳು ಸುತ್ತಾಡಿದ್ದು ಎಲ್ಲರಿಗೂ ಗೊತ್ತು. ವಿದ್ಯಾರ್ಥಿಗಳಿಗೆ ಅಹಿಂಸೆಯನ್ನು ಅಕ್ಷರಾಭ್ಯಾಸದಂತೆ ಕಲಿಸಿದವರು ಮಾತ್ರ ಬೇರೊಬ್ಬರು, ಅವರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅವರು ಜೇಮ್ಸ್ ಲಾಸನ್. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲು ಒಪ್ಪದೆ ಜೈಲು ಸೇರಿ, ಬಿಡುಗಡೆಯಾದ ಮೇಲೆ 1953ರಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದು ಸುಮಾರು ಮೂರು ವರ್ಷ ಕೆಲಸ ಮಾಡಿದರು, ಸತ್ಯಾಗ್ರಹವನ್ನು ಅದರ ನೆಲದಲ್ಲೇ ಅಭ್ಯಾಸ ಮಾಡಿದರು. 1957ರಲ್ಲಿ ಓಹಾಯೋ ರಾಜ್ಯದ ಓಬರ್ಲಿನ್ ಕಾಲೇಜಿನಲ್ಲಿ ಕಿಂಗ್ ಅವರನ್ನು ಭೇಟಿಯಾದಾಗ, ಓದು ಮುಗಿಸಿ ದಕ್ಷಿಣಕ್ಕೆ ಬರುವ ಯೋಚನೆ ಇದೆ ಎಂದರಂತೆ. ಕಾಯಬೇಡಿ, ಈಗಲೇ ಬನ್ನಿ ಎಂದು ಕಿಂಗ್ ಒತ್ತಾಯಿಸಿದರು.

ಲಾಸನ್ ನ್ಯಾಶ್ವಿಲ್ ನಗರಕ್ಕೆ ಬಂದು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಯಾದರು. ಅಲ್ಲಿನ ಚರ್ಚೊಂದರ ನೆಲಮಾಳಿಗೆಯಲ್ಲಿ ಅವರು ನಡೆಸುತ್ತಿದ್ದ ತರಬೇತಿ ವಿಲಕ್ಷಣವಾಗಿತ್ತು. ಒಬ್ಬ ವಿದ್ಯಾರ್ಥಿ ಹೋಟೆಲಿನ ಗಿರಾಕಿಯಂತೆ ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕು. ಅವನ ಸ್ನೇಹಿತರೇ ಸುತ್ತ ನಿಂತು ಬಾಯಿಗೆ ಬಂದಂತೆ ಬೈಯಬೇಕು, ಮುಖಕ್ಕೆ ಸಿಗರೇಟಿನ ಹೊಗೆ ಊದಬೇಕು, ಕುರ್ಚಿಯಿಂದ ಎಳೆದು ಬೀಳಿಸಬೇಕು. ಬಿದ್ದವನು ತಿರುಗಿ ಹೊಡೆಯಬಾರದು, ಮತ್ತೆ ಎದ್ದು ಬಂದು ಅದೇ ಕುರ್ಚಿಯಲ್ಲಿ ಕೂರಬೇಕು. 1960ರ ಫೆಬ್ರುವರಿ 1ರಂದು ಗ್ರೀನ್ಸ್‌ಬರೋ ಊರಿನ ವೂಲ್‌ವರ್ತ್ ಅಂಗಡಿಯಲ್ಲಿ, ಬಿಳಿಯರಿಗೆ ಮಾತ್ರ ಮೀಸಲಾದ ತಿಂಡಿ ಕಟ್ಟೆಯ ಮುಂದೆ ನಾಲ್ವರು ಕಪ್ಪು ವಿದ್ಯಾರ್ಥಿಗಳು ಕುಳಿತ ಸುದ್ದಿ ಹಬ್ಬಿದಾಗ ನ್ಯಾಶ್ವಿಲ್‌ನವರು ಸಿದ್ಧರಿದ್ದರು. ಫೆಬ್ರುವರಿ 13ರಂದು ಅವರೂ ಹೋಗಿ ಕುಳಿತರು. ಆ ಗುಂಪಿನಲ್ಲಿ ಜಾನ್ ಲೂಯಿಸ್ ಇದ್ದರು, ಡಯೇನ್ ನ್ಯಾಶ್ ಇದ್ದರು. ಏಪ್ರಿಲ್ 19ರಂದು, ವಿದ್ಯಾರ್ಥಿಗಳ ಪರ ವಾದಿಸುತ್ತಿದ್ದ ವಕೀಲರ ಮನೆಗೆ ಬಾಂಬು ಬಿದ್ದ ದಿನವೇ, ಸಾವಿರಾರು ಮಂದಿ ಮೌನವಾಗಿ ನಗರಸಭೆಗೆ ನಡೆದರು. ಅಲ್ಲಿ ಡಯೇನ್ ನ್ಯಾಶ್ ಮೇಯರ್ ಅವರನ್ನು, ಬಣ್ಣದ ಕಾರಣಕ್ಕೆ ಮನುಷ್ಯರಲ್ಲಿ ಭೇದ ಮಾಡುವುದು ತಪ್ಪೆಂದು ನಿಮಗೆ ಅನಿಸುವುದಿಲ್ಲವೇ ಎಂದು ನೇರವಾಗಿ ಕೇಳಿದರು. ಮೇಯರ್ ಎಲ್ಲರ ಎದುರಿಗೆ ಹೌದೆಂದರು. ಮೇ 10ರಂದು ನಗರದ ಆರು ಅಂಗಡಿಗಳ ತಿಂಡಿ ಕಟ್ಟೆಗಳು ಎಲ್ಲರಿಗೂ ತೆರೆದವು.

1968ರಲ್ಲಿ ಮೆಂಫಿಸಿನ ಪೌರಕಾರ್ಮಿಕರ ಬೆಂಬಲಕ್ಕೆ ಕಿಂಗ್ ಅವರನ್ನು ಕರೆಸಿದವರೂ ಇದೇ ಲಾಸನ್. ಆ ಹೊತ್ತಿಗೆ ಅವರು ಅಲ್ಲಿನ ಚರ್ಚೊಂದರ ಪಾದ್ರಿಯಾಗಿದ್ದರು. 2024ರಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶ್ನೆ: ನನ್ನ ತಮ್ಮ ಅಲ್ಲಿನ ಒಂದು ವಿಶ್ವವಿದ್ಯಾಲಯದ ಊರಿನಲ್ಲಿದ್ದಾನೆ. ಸೇವಾ ದಿನದಂದು ಊರಿನವರು ವಿದ್ಯಾರ್ಥಿಗಳನ್ನು ಸೌಜನ್ಯದಿಂದ ಕಂಡರೂ ಒಂದು ಬಗೆಯ ಅನುಮಾನದಿಂದ ನೋಡುತ್ತಿದ್ದರೆಂದು ಬರೆದಿದ್ದಾನೆ. ಕ್ಯಾಂಪಸ್ಸಿನವರು ಒಳ್ಳೆಯದನ್ನೇ ಮಾಡಲು ಬಂದಾಗ ಅನುಮಾನವೇಕೆ?

ಉತ್ತರ: ಊರಿಗೆ ನೆನಪುಗಳಿರುತ್ತವೆ. ಹಿಂದಿನ ಉತ್ತರದಲ್ಲಿ ಹೇಳಿದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವನ್ನೇ ನೋಡಿ. ನ್ಯಾಶ್ವಿಲ್‌ನ ಹೋರಾಟಕ್ಕೆ ತರಬೇತಿ ಕೊಟ್ಟ ಕಾರಣಕ್ಕೆ ಅದು 1960ರ ಮಾರ್ಚ್‌ನಲ್ಲಿ ಜೇಮ್ಸ್ ಲಾಸನ್ ಅವರನ್ನು ಹೊರಹಾಕಿತು. ಅದನ್ನು ಪ್ರತಿಭಟಿಸಿ ಧರ್ಮಶಾಸ್ತ್ರ ವಿಭಾಗದ ಹಲವು ಅಧ್ಯಾಪಕರು ರಾಜೀನಾಮೆ ಕೊಟ್ಟರು. ಅದೇ ವಿಶ್ವವಿದ್ಯಾಲಯ 2006ರಲ್ಲಿ ಅವರನ್ನು ಸಂದರ್ಶಕ ಪ್ರಾಧ್ಯಾಪಕರಾಗಿ ಬರಮಾಡಿಕೊಂಡಿತು, ಈಗ ಅವರ ಹೆಸರಿನ ಸಂಸ್ಥೆಯೂ ಅಲ್ಲಿದೆ. ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಂಡದ್ದು ದೊಡ್ಡ ವಿಷಯವೇ. ಆದರೂ ನಡುವೆ 46 ವರ್ಷ ಕಳೆದಿದ್ದವು. ಅಮೆರಿಕದ ಹಲವು ಕ್ಯಾಂಪಸ್‌ಗಳು ಒಂದು ಕಾಲಕ್ಕೆ ಪಕ್ಕದ ಬೀದಿಯ ಕಪ್ಪು ಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. ಆ ಬೀದಿಯ ಅಜ್ಜಿಯರು, ತಾತಂದಿರು ಅದನ್ನು ಮರೆತಿಲ್ಲ.

ಬೇರೆಯವರ ಊರಿಗೆ ಹೇಗೆ ಹೋಗಬೇಕೆಂಬುದನ್ನು ಕಲಿತ ತರುಣರೂ ಅದೇ ಇತಿಹಾಸದಲ್ಲಿದ್ದಾರೆ. ಓಹಾಯೋ ರಾಜ್ಯದ ಆಕ್ಸ್‌ಫರ್ಡ್ ಎಂಬ ಚಿಕ್ಕ ಊರಿನಲ್ಲಿ ಆಗ ವೆಸ್ಟರ್ನ್ ಮಹಿಳಾ ಕಾಲೇಜು ಇತ್ತು. ಈಗ ಅದರ ಆವರಣ ಮಯಾಮಿ ವಿಶ್ವವಿದ್ಯಾಲಯಕ್ಕೆ ಸೇರಿದೆ. 1964ರ ಜೂನ್‌ನಲ್ಲಿ ಸುಮಾರು 800 ಸ್ವಯಂಸೇವಕರು ಎರಡು ತಂಡಗಳಲ್ಲಿ ಅಲ್ಲಿಗೆ ಬಂದು ತರಬೇತಿ ಪಡೆದರು. ಬಹುಪಾಲು ಬಿಳಿಯ ವಿದ್ಯಾರ್ಥಿಗಳು. ಮಿಸಿಸಿಪಿಗೆ ಹೋಗಿ ಕಪ್ಪು ಜನರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸಲು ನೆರವಾಗುವುದು, ಮಕ್ಕಳಿಗಾಗಿ ಸ್ವಾತಂತ್ರ್ಯ ಶಾಲೆಗಳನ್ನು ನಡೆಸುವುದು ಅವರ ಕೆಲಸ. ಪೆಟ್ಟು ಬಿದ್ದಾಗ ತಲೆ, ಹೊಟ್ಟೆಗಳನ್ನು ಮುಚ್ಚಿಕೊಂಡು ನೆಲದ ಮೇಲೆ ಮುದುಡಿಕೊಳ್ಳುವುದು ಹೇಗೆಂಬುದನ್ನು ಆ ಕಾಲೇಜಿನ ಹುಲ್ಲುಹಾಸಿನ ಮೇಲೆ ಅಭ್ಯಾಸ ಮಾಡಿದರು. ಅದರಷ್ಟೇ ಮುಖ್ಯವಾದ ಇನ್ನೊಂದು ಪಾಠವೂ ಇತ್ತು. ನೀವು ಉಳಿಯುವುದು ಅಲ್ಲಿನ ಕಪ್ಪು ಕುಟುಂಬಗಳ ಮನೆಗಳಲ್ಲಿ, ನಿಮಗೆ ಜಾಗ ಕೊಟ್ಟ ತಪ್ಪಿಗೆ ಅಪಾಯ ಅವರಿಗೇ ಹೆಚ್ಚು, ಮುಂದಾಳುಗಳು ಸ್ಥಳೀಯರೇ ಎಂಬುದನ್ನು ಮಿಸಿಸಿಪಿಯಲ್ಲಿ ಆಗಲೇ ದುಡಿಯುತ್ತಿದ್ದ ಬಾಬ್ ಮೋಸೆಸ್ ಮೊದಲಾದವರು ಅವರಿಗೆ ತಿಳಿಹೇಳಿದರು.

ಮೊದಲ ತಂಡದಲ್ಲಿದ್ದ ಆಂಡ್ರ್ಯೂ ಗುಡ್‌ಮನ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ, ಜೇಮ್ಸ್ ಚೇನಿ ಮತ್ತು ಮೈಕಲ್ ಶ್ವರ್ನರ್ ಎಂಬ ಕಾರ್ಯಕರ್ತರೊಂದಿಗೆ ಹೋಗಿ, ಜೂನ್ 21ರಂದು ಕಾಣೆಯಾದರು. ಸುಟ್ಟುಹೋದ ಒಂದು ಚರ್ಚನ್ನು ನೋಡಲು ಅವರು ಹೋಗಿದ್ದರು. ಸುದ್ದಿ ಬಂದಾಗ ಎರಡನೆಯ ತಂಡ ಆಕ್ಸ್‌ಫರ್ಡಿನಲ್ಲೇ ಇತ್ತು. ಮನೆಗೆ ಹೋಗಬೇಕೆನ್ನುವವರು ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ ಎಂದು ಮೋಸೆಸ್ ಹೇಳಿದರು. ಬಹುತೇಕರು ಉಳಿದರು, ಮಿಸಿಸಿಪಿಗೆ ಹೋದರು. ಮೂವರ ದೇಹಗಳು ಆಗಸ್ಟ್ 4ರಂದು ಮಣ್ಣಿನ ಅಣೆಕಟ್ಟೊಂದರ ಅಡಿಯಲ್ಲಿ ಸಿಕ್ಕವು. ಆ ಹುಲ್ಲುಹಾಸಿನ ಆವರಣದಲ್ಲಿ 2000ದಲ್ಲಿ ಅವರ ಸ್ಮಾರಕ ನಿಂತಿತು. ಅಲ್ಲಿ ಓದುವವರು ಇಂದು ತರಗತಿಗೆ ಹೋಗುವ ದಾರಿಯಲ್ಲಿ ಅದನ್ನು ಕಾಣಬಹುದು.

ಇನ್ನು ನನ್ನ ಅನುಭವ. ನಾನಿದ್ದ ಊರಿನಲ್ಲಿ ರೈಲು ಹಳಿಯ ಈಚೆ ಕ್ಯಾಂಪಸ್, ಆಚೆ ಹಳೆಯ ಕಪ್ಪು ಬಡಾವಣೆ. ಒಂದು ಜನವರಿ ಸೋಮವಾರ ಹತ್ತು ಹನ್ನೆರಡು ವಿದ್ಯಾರ್ಥಿಗಳೊಂದಿಗೆ ನಾನೂ ಆಚೆಗಿನ ಸಮುದಾಯ ಭವನಕ್ಕೆ ಬಣ್ಣ ಬಳಿಯಲು ಹೋದೆ. ಮೊಗಸಾಲೆಯ ಗೋಡೆಗೆ ತಿಳಿನೀಲಿ ಎಂದು ನಮ್ಮ ಕಡೆಯವರೇ ನಿರ್ಧರಿಸಿದ್ದರು. ಹಳೆಯ ಬಣ್ಣ ಕೆರೆಯುತ್ತಿದ್ದಾಗ ಬಾಗಿಲ ಸಂದಿಯಲ್ಲಿ ಪದರಗಳು ಕಂಡವು. ಹಸಿರಿನ ಕೆಳಗೆ ಹಳದಿ, ಹಳದಿಯ ಕೆಳಗೆ ಬಿಳಿ. ಯಾವುದೂ ಹೆಚ್ಚು ಮಾಸಿರಲಿಲ್ಲ. ಭವನ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು ನಮಗೆಲ್ಲ ಕಾಫಿ ತಂದುಕೊಟ್ಟರು. ಹಿಂದಿನ ವರ್ಷ ಹಸಿರು ಬಳಿದವರೂ ನಿಮ್ಮಂಥ ಮಕ್ಕಳೇ, ಅದರ ಹಿಂದಿನ ವರ್ಷ ಹಳದಿ ಬಳಿದವರೂ ಅಷ್ಟೇ ಎಂದರು. ದನಿಯಲ್ಲಿ ದೂರು ಇರಲಿಲ್ಲ. ಹಾಗಾದರೆ ನಿಮಗೆ ಬೇಕಾದದ್ದು ಏನು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಶಾಲೆ ಬಿಟ್ಟ ಮೇಲೆ ಮೂರರಿಂದ ಆರರವರೆಗೆ ಇಪ್ಪತ್ತು ಮಕ್ಕಳು ಇಲ್ಲಿ ಕೂರುತ್ತಾರೆ, ಭಿನ್ನರಾಶಿ ಹೇಳಿಕೊಡುವವರಿಲ್ಲ, ಪ್ರತಿ ಮಂಗಳವಾರ ಇಬ್ಬರು ಬಂದರೆ ಸಾಕು ಎಂದರು. ಹತ್ತಾರು ವರ್ಷಗಳಿಂದ ಅಲ್ಲಿದ್ದ ಕ್ಯಾಂಪಸ್ಸಿನಿಂದ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಪ್ರತಿ ವರ್ಷ ಬಂದವರು ಬಣ್ಣದ ಡಬ್ಬಿ ತಂದೇ ಬಂದಿದ್ದರು.

ನನಗೆ ಆ ಕ್ಷಣ ತುಂಬಾ ಸಂಕೋಚವಾಯಿತು. ಅಂದು ಸಂಜೆ ಕ್ಯಾಂಪಸ್ಸಿನ ಸಭೆಯಲ್ಲಿ ನಮ್ಮ ಕುಂಚ ಹಿಡಿದ ಫೋಟೋಗಳನ್ನು ಪರದೆಯ ಮೇಲೆ ತೋರಿಸಿದರು, ಚಪ್ಪಾಳೆಯೂ ಬಿತ್ತು. ನಮ್ಮ ಗುಂಪಿನ ಮೂವರು ಮರುವಾರ ಮಂಗಳವಾರ ಬಸ್ಸು ಹಿಡಿದು ಭವನಕ್ಕೆ ಹೋದರು. ಮೊದಲ ದಿನ ಮಕ್ಕಳು ಮಾತನಾಡಲೇ ಇಲ್ಲವಂತೆ. ಮೂರನೆಯ ವಾರ ಒಬ್ಬ ಹುಡುಗ ಕಾಗದವನ್ನು ಎಂಟು ಮಡಿಕೆ ಮಾಡಿ, ಮೂರು ಮಡಿಕೆಗೆ ಪೆನ್ಸಿಲಿನಲ್ಲಿ ಬಣ್ಣ ತುಂಬಿ, ಇದೇ ತಾನೇ ಎಂಟನೇ ಮೂರು ಎಂದು ತೋರಿಸಿದನಂತೆ. ಮೂವರಲ್ಲಿ ಒಬ್ಬಳು ಪದವಿ ಮುಗಿಯುವವರೆಗೂ, ಪರೀಕ್ಷೆಯ ವಾರಗಳನ್ನು ಬಿಟ್ಟರೆ, ಮಂಗಳವಾರ ತಪ್ಪಿಸಲಿಲ್ಲ.

ಮುಂದಿನ ಜನವರಿಗೆ ಮೊದಲೇ ಭವನದವರನ್ನು ಕ್ಯಾಂಪಸ್ಸಿನ ಸಭೆಗೆ ಕರೆದರು. ಪಟ್ಟಿ ಅವರೇ ಬರೆದು ತಂದಿದ್ದರು. ತೆರಿಗೆಯ ಅರ್ಜಿ ತುಂಬಲು ವಯಸ್ಸಾದವರಿಗೆ ನೆರವು, ಆಸ್ಪತ್ರೆಗೆ ಹೋಗಿಬರಲು ವಾಹನ, ಬಸ್ಸಿನ ವೇಳೆ ಬದಲಿಸಬೇಕೆಂದು ನಗರಸಭೆಯ ಮುಂದೆ ಮಾತನಾಡುವಾಗ ಜೊತೆಗೆ ನಿಲ್ಲಲು ಜನ. ಬಣ್ಣದ ಮಾತು ಪಟ್ಟಿಯಲ್ಲಿ ಇರಲಿಲ್ಲ. ನಾನು ಆ ಊರು ಬಿಟ್ಟು ಬರುವಾಗಲೂ ಮೊಗಸಾಲೆಯ ಗೋಡೆ ತಿಳಿನೀಲಿಯಾಗಿಯೇ ಇತ್ತು, ಅದರ ಮೇಲೆ ಮಕ್ಕಳ ಗಣಿತದ ಹಾಳೆಗಳನ್ನು ಅಂಟಿಸಿದ್ದರು.